ಒಂಟಿ ಎತ್ತಿಗೆ ಮುದಿ ಎತ್ತಿನ ಜೊತೆ

ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ರೈತರಿಗೆ ಎತ್ತಿನ ಗುಣದೋಷಗಳನ್ನು ಹೇಳಿಕೊಡಬೇಕಾದ ಅಗತ್ಯವಿಲ್ಲ. ಕೊಂಬು, ಸುಳಿ, ಗೊರಸು, ನಡಿಗೆ ಇವುಗಳನ್ನು ಒಮ್ಮೆ ನೋಡಿದ ಮಾತ್ರದಿಂದಲೇ ಬೆಲೆ ಕಟ್ಟಬಲ್ಲ ಯಜಮಾನರು ಇಲ್ಲಿನ ಗ್ರಾಮಗಳಲ್ಲಿ ಇಂದಿಗೂ ಇರುತ್ತಾರೆ. ಆದಾಗ್ಯೂ, ಜೋಡಿಯಲ್ಲಿ ಒಂದೆತ್ತು ಸತ್ತು ಮತ್ತೊಂದು ಒಂಟಿಯಾಗಿ ಉಳಿದಾಗ ಏನು ಮಾಡತಕ್ಕದ್ದೆಂಬ ವಿಷಯದಲ್ಲಿ ಇಂಥ ಅನುಭವಸ್ಥರು ಸಹ ಸಾಮಾನ್ಯವಾಗಿ ಒಂದೇ ಮಾರ್ಗವನ್ನು ಹಿಡಿಯುತ್ತಾರೆ. ಸರಿಜೋಡಿ ಸಿಕ್ಕಿದರೆ ಕೊಳ್ಳುವುದು, ಸಿಕ್ಕದಿದ್ದರೆ ಉಳಿದುದನ್ನು ಬಂದ ಬೆಲೆಗೆ ಕೊಟ್ಟುಬಿಡುವುದು, ಇಷ್ಟೇ ಆ ಮಾರ್ಗ. ಅದೇ ಗ್ರಾಮದ ಇನ್ನೊಂದು ಮನೆಯ ಹಿತ್ತಲಿನಲ್ಲಿ, ಹತ್ತು ವರ್ಷ ದುಡಿದು ಈಗ ನೊಗಕ್ಕೆ ಬಾರದ ಮುದಿ ಎತ್ತೊಂದು ಎಲುಬು ಕಾಣುವಂತೆ ಸೊರಗಿ, ಗೊರಸು ಬೆಳೆದು, ಯಾರ ಗಮನಕ್ಕೂ ಬಾರದೆ ನಿಂತಿರುತ್ತದೆ. ಈ ಎರಡು ಪ್ರಾಣಿಗಳನ್ನು ಒಂದೇ ಕೊಟ್ಟಿಗೆಗೆ ತಂದು ಕಟ್ಟಿದರೆ ಇಬ್ಬರು ರೈತರ ಕಷ್ಟವೂ ತಗ್ಗುತ್ತದೆಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ಆಲೋಚಿಸಿ ನೋಡಬೇಕಾಗಿದೆ.

ದನವು ಮಂದೆಯ ಪ್ರಾಣಿ ಎಂಬುದು ಸರ್ವವಿದಿತವು. ಮಂದೆಯಲ್ಲಿ ಕೆಲವು ದನಗಳು ಮಲಗಿ ಮೆಲುಕು ಹಾಕುತ್ತಿರುವಾಗ ಮತ್ತೆ ಕೆಲವು ಎಚ್ಚರವಾಗಿರುತ್ತವೆ. ಒಂದು ಮೇಯಲು ತೊಡಗಿದರೆ ಉಳಿದವೂ ಮೇಯುತ್ತವೆ, ಒಂದು ನೀರಿಗೆ ಹೊರಟರೆ ಉಳಿದವೂ ಹಿಂಬಾಲಿಸುತ್ತವೆ. ಈ ಸ್ವಭಾವವು ಕೊಟ್ಟಿಗೆಯಲ್ಲಿ ಕಟ್ಟಿದ ಮಾತ್ರಕ್ಕೆ ಅಳಿದುಹೋಗುವುದಿಲ್ಲ. ಎಷ್ಟೋ ವರ್ಷ ಎಡಗೋಲಿನಲ್ಲಿ ದುಡಿದ ಎತ್ತು ತನ್ನ ಬಲಗಡೆ ಬರಿದಾದ ದಿನದಿಂದ ಕೂಗುವುದು, ಗೋದಲಿಯಲ್ಲಿನ ಮೇವನ್ನು ಕೆದಕಿ ಬಿಡುವುದು, ಮಲಗಬೇಕಾದ ಹೊತ್ತಿನಲ್ಲಿ ನಿಂತೇ ಇರುವುದು, ಬಾಗಿಲ ಕಡೆಗೇ ನೋಡುತ್ತಿರುವುದು, ಇವುಗಳನ್ನು ಕಂಡಿರದ ರೈತರಿಲ್ಲ. ಇದನ್ನು ಕೇವಲ ವಾತ್ಸಲ್ಯದ ಮಾತೆಂದು ತಳ್ಳಿಹಾಕುವಂತಿಲ್ಲ. ಮಂದೆಯಿಂದ ಬೇರ್ಪಡಿಸಿದ ದನದ ಎದೆಬಡಿತವು ಹೆಚ್ಚುವುದೂ, ಭಯದ ಕಾಲದಲ್ಲಿ ದೇಹದಲ್ಲಿ ಉತ್ಪತ್ತಿಯಾಗುವ ರಸಗಳು ರಕ್ತದಲ್ಲಿ ಏರುವುದೂ ಶಾಸ್ತ್ರಜ್ಞರ ಪರೀಕ್ಷೆಗಳಿಂದ ಸಿದ್ಧವಾಗಿರುತ್ತದೆ. ಮೇವು ಮೈಗೆ ಹತ್ತಬೇಕಾದರೆ ದನವು ನೆಮ್ಮದಿಯಿಂದ ಮೆಲುಕು ಹಾಕಬೇಕು. ನೆಮ್ಮದಿಯಿಲ್ಲದ ಎತ್ತಿಗೆ ಹಾಕಿದ ಹಿಂಡಿಯು ಅರ್ಧ ವ್ಯರ್ಥವಾದಂತೆಯೇ ಸರಿ.

ಕುದುರೆಯ ವಿಷಯದಲ್ಲಿ ಈ ಸಂಗತಿಯನ್ನು ಹೊರದೇಶದ ಜನರು ಬಹುಕಾಲದ ಹಿಂದೆಯೇ ಗುರುತಿಸಿದ್ದಾರೆ. ಕುದುರೆಯು ನಿಂತಂತೆಯೇ ತೂಕಡಿಸಬಲ್ಲುದಾದರೂ ಗಾಢನಿದ್ರೆಗೆ ನೆಲದ ಮೇಲೆ ಮಲಗಲೇಬೇಕು, ಮತ್ತು ಕಾವಲಿಗೆ ಇನ್ನೊಂದು ಜೀವವು ಹತ್ತಿರವಿಲ್ಲದಿದ್ದರೆ ಮಲಗಲು ಅಂಜುತ್ತದೆ. ಒಂಟಿಯಾಗಿ ಲಾಯದಲ್ಲಿ ಕಟ್ಟಿದ ಕುದುರೆಯು ಮರವನ್ನು ಕಚ್ಚಿ ಗಾಳಿ ನುಂಗುವ, ನಿಂತಲ್ಲಿಯೇ ಅತ್ತಿಂದಿತ್ತ ತೂಗಾಡುವ ದುರಭ್ಯಾಸಗಳನ್ನು ಕಲಿಯುತ್ತದೆ. ಆದಕಾರಣ ಪಂದ್ಯದ ಕುದುರೆಯ ಲಾಯದಲ್ಲಿ ಒಂದು ಮೇಕೆಯನ್ನೋ ಸಣ್ಣ ತಟ್ಟುವನ್ನೋ ಸಂಗಡ ಇಡುವುದುಂಟು. ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಸವಾರಿಗೆ ಬಾರದ, ಆರೈಕೆಯಿಲ್ಲದೆ ಸೊರಗಿದ ಮುದಿ ಕುದುರೆಯನ್ನು ಮನೆಗೆ ತಂದು, ಸಾಕಿ, ಒಂಟಿ ಕುದುರೆಗೆ ಜೊತೆಗಾರನನ್ನಾಗಿ ಮಾಡುವ ಪದ್ಧತಿಯು ರೂಢಿಯಲ್ಲಿರುತ್ತದೆ. ಅಲ್ಲಿ ಮುದಿ ಕುದುರೆಯು ಯಾವ ಕೆಲಸವನ್ನೂ ಮಾಡುವುದಿಲ್ಲ. ಹತ್ತಿರ ಇರುವುದೇ ಅದರ ಕೆಲಸ. ಈ ಮೂರು ತಾಲ್ಲೂಕುಗಳಲ್ಲಿ ಕುದುರೆ ಸಾಕುವವರು ವಿರಳ, ಎತ್ತು ಸಾಕುವವರೇ ಹೆಚ್ಚು. ಕುದುರೆಯ ಲಾಯದಲ್ಲಿ ಹೊರಗಿನವರು ಕಲಿತ ಪಾಠವನ್ನು ಇಲ್ಲಿನ ದನದ ಕೊಟ್ಟಿಗೆಗೆ ಅನ್ವಯಿಸಿಕೊಳ್ಳುವುದಕ್ಕೆ ಅಡ್ಡಿಯಿಲ್ಲ. ಅಷ್ಟೇ ಅಲ್ಲ, ಎತ್ತಿನ ವಿಷಯದಲ್ಲಿ ಮುದಿಯ ಜೊತೆಯಿಂದ ಇನ್ನೂ ಒಂದು ಪ್ರಯೋಜನವುಂಟು. ಅದು ಈ ಸೀಮೆಯ ತಳಿಗೇ ಸಂಬಂಧಪಟ್ಟುದು.

ಅಜ್ಜಂಪುರದ ಹೆಸರನ್ನು ದೂರದ ನಾಡುಗಳಿಗೂ ಪರಿಚಯಿಸಿದ್ದು ಅಮೃತಮಹಲ್ ತಳಿ. ಚಿಕ್ಕದೇವರಾಜ ಒಡೆಯರ (1672–1704) ಆಳ್ವಿಕೆಯಲ್ಲಿ ಬೆಣ್ಣೆ ಚಾವಡಿ ಎಂಬ ಹೆಸರಿನಿಂದ ನಡೆದುಬಂದ ಅರಮನೆಯ ದನಗಳ ಇಲಾಖೆಗೆ ಅಮೃತಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನ. ಫಿರಂಗಿ ಮತ್ತು ಸೈನ್ಯದ ಸಾಮಾನುಗಳನ್ನು ಎಳೆಯುವುದಕ್ಕೆ ಈ ಎತ್ತುಗಳಿಗೆ ಸಮಾನವಾದವು ಬೇರಿಲ್ಲವೆಂದು 1799ರ ತರುವಾಯ ಇಂಗ್ಲಿಷರೂ ಒಪ್ಪಿಕೊಂಡರು. 1860ರಲ್ಲಿ ಖರ್ಚಿನ ಲೆಕ್ಕ ಹಾಕಿ ಈ ಮಂದೆಗಳನ್ನು ವಿಸರ್ಜಿಸಿದ ಸರ್ಕಾರವು ಕೆಲವೇ ವರ್ಷಗಳಲ್ಲಿ ತನ್ನ ತಪ್ಪನ್ನು ತಿಳಿದು 1866ರಲ್ಲಿ ಪುನಃ ಸ್ಥಾಪಿಸಬೇಕಾಯಿತು. 1882ರಲ್ಲಿ ಮಂದೆಗಳು ಮೈಸೂರು ಸರ್ಕಾರದ ವಶಕ್ಕೆ ಬಂದವು. ಅಜ್ಜಂಪುರದಲ್ಲಿ ಸರ್ಕಾರದ ಅಮೃತಮಹಲ್ ತಳಿ ಸಂವರ್ಧನ ಕೇಂದ್ರವು ಈಗಲೂ ಇರುತ್ತದೆ. ಬೀರೂರಿನಲ್ಲಿ ನಡೆಯುವ ಹೋರಿಗಳ ಹರಾಜಿಗೆ ನಾನಾ ಜಿಲ್ಲೆಗಳ ರೈತರು ಬರುತ್ತಾರೆ.

ಹರಾಜಿನಲ್ಲಿ ಕೊಂಡ ಹೋರಿಯ ಸ್ಥಿತಿಯನ್ನು ಸ್ವಲ್ಪ ಯೋಚಿಸಬೇಕು. ಅದು ಕಾವಲಿನ ಬಯಲಿನಲ್ಲಿ ಮಂದೆಯೊಡನೆ ಬೆಳೆದುದು. ಮನುಷ್ಯರ ಕೈ ಅದರ ಮೈಮೇಲೆ ಬಿದ್ದುದೇ ಅಪರೂಪ. ಈ ತಳಿಯ ತೇಜಸ್ಸೂ ಶೀಘ್ರಗತಿಯೂ ಯಾವ ಸ್ವಭಾವದಿಂದ ಹುಟ್ಟಿದವೋ, ಅದೇ ಸ್ವಭಾವದಿಂದ ಅದರ ಅಂಜಿಕೆಯೂ ಮುಂಗೋಪವೂ ಹುಟ್ಟಿವೆ. ಇಂಥ ಪ್ರಾಣಿಯನ್ನು ಒಂದೇ ದಿನದಲ್ಲಿ ಮಂದೆಯಿಂದ ಬಿಡಿಸಿ, ಲಾರಿಯಲ್ಲಿ ಸಾಗಿಸಿ, ಕತ್ತಲೆಯ ಕೊಟ್ಟಿಗೆಯಲ್ಲಿ ಕಂಬಕ್ಕೆ ಬಿಗಿದರೆ ಅದು ಕಣ್ಣಿಯನ್ನು ಜಗ್ಗಿ ಕುತ್ತಿಗೆ ಗಾಯಮಾಡಿಕೊಳ್ಳುವುದೂ, ಮೇವು ಬಿಡುವುದೂ, ಹತ್ತಿರ ಬಂದವರನ್ನು ಹಾಯುವುದೂ ಆಶ್ಚರ್ಯವಲ್ಲ. ಎರಡು ಹೋರಿಗಳನ್ನು ಜೋಡಿಯಾಗಿ ಕೊಂಡರೂ ಈ ತೊಂದರೆಯು ಪೂರ್ತಿಯಾಗಿ ತಪ್ಪುವುದಿಲ್ಲ. ಏನೂ ತಿಳಿಯದ ಎರಡು ಪ್ರಾಣಿಗಳು ಒಂದಕ್ಕೊಂದು ಭಯವನ್ನು ಕಲಿಸುವವೇ ಹೊರತು ವಿನಯವನ್ನು ಕಲಿಸಲಾರವು.

ಇಲ್ಲಿಯೇ ಮುದಿ ಎತ್ತಿನ ಬೆಲೆ ತಿಳಿಯುವುದು. ಹತ್ತು ಹನ್ನೆರಡು ವರ್ಷ ಮನುಷ್ಯರ ಸಂಗಡ ಬಾಳಿದ ಎತ್ತಿಗೆ ಮೂಗುದಾರ, ಲಾಳ, ಗಾಡಿಯ ಸದ್ದು, ಬಸ್ಸಿನ ಕೊಂಬು, ಮಕ್ಕಳ ಗಲಾಟೆ ಇವೆಲ್ಲವೂ ಅಭ್ಯಾಸವಾಗಿರುತ್ತವೆ. ಯಜಮಾನನು ಹುಲ್ಲು ಹಿಡಿದು ಬಂದಾಗ ಅದು ಕದಲದೆ ನಿಲ್ಲುವುದನ್ನು ಕಂಡು ಹೋರಿಯೂ ನಿಲ್ಲಲು ಕಲಿಯುತ್ತದೆ. ಅದು ಕೆರೆಗೆ ಇಳಿದರೆ ಹೋರಿಯೂ ಇಳಿಯುತ್ತದೆ. ಅದು ಗೋದಲಿಗೆ ಬಾಯಿಡುವುದನ್ನು ನೋಡಿ ಹೋರಿಯು ಅಪರಿಚಿತವಾದ ಹಿಂಡಿ ಬೂಸಾಗಳಿಗೆ ಬಾಯಿಡುತ್ತದೆ. ಪಳಗದ ಹೋರಿಯನ್ನು ಪಳಗಿದ ಎತ್ತಿನ ಸಂಗಡ ಕಟ್ಟಿ ತಿದ್ದುವುದು ಹೊಸ ಉಪಾಯವಲ್ಲ, ಈ ಸೀಮೆಯ ಹಿರಿಯರು ಬಲ್ಲ ಪದ್ಧತಿಯೇ. ಹೊಸದಾಗಿ ಹೇಳಬೇಕಾದುದಿಷ್ಟೇ: ಆ ಕೆಲಸಕ್ಕೆ ದುಡಿಯುವ ಪ್ರಾಯದ ಎತ್ತೇ ಬೇಕೆಂಬ ನಿಯಮವಿಲ್ಲ. ನೊಗದಿಂದ ಬಿಡುಗಡೆಯಾದ ಮುದಿ ಎತ್ತು ಸಾಲುತ್ತದೆ. ಅದಕ್ಕೆ ಅವಸರವಿಲ್ಲದ ಕಾರಣ ಅದು ಹೆಚ್ಚು ಯೋಗ್ಯವೆಂದೂ ಹೇಳಬಹುದು.

ಅಮೃತಮಹಲ್ ಎತ್ತಿನ ಆಯುಸ್ಸನ್ನು ಕುರಿತು ಹಳೆಯ ಗೆಜೆಟಿಯರುಗಳಲ್ಲಿ ಕಂಡುಬರುವ ಲೆಕ್ಕವು ಇಲ್ಲಿ ಉಪಯುಕ್ತವಾಗಿದೆ. ನಾಲ್ಕನೆಯ ವರ್ಷದಲ್ಲಿ ಪಳಗಿಸುವುದಕ್ಕೆ ಆರಂಭ, ಐದಕ್ಕೆ ದುಡಿಮೆಗೆ ಅರ್ಹತೆ, ಏಳಕ್ಕೆ ಪೂರ್ಣಬಲ. ಹನ್ನೆರಡರವರೆಗೆ ಆ ಬಲವು ಕುಂದುವುದಿಲ್ಲ. ಹದಿನಾಲ್ಕು ಹದಿನೈದರವರೆಗೆ ಎತ್ತು ದುಡಿಯುತ್ತದೆ, ಆಮೇಲೆ ಬೇಗನೆ ಇಳಿಮುಖವಾಗಿ ಸುಮಾರು ಹದಿನೆಂಟಕ್ಕೆ ಸಾಯುತ್ತದೆ. ಎಂದರೆ, ದುಡಿಮೆ ನಿಂತ ಮೇಲೆ ಎತ್ತು ಬದುಕುವುದು ಸುಮಾರು ಮೂರು ವರ್ಷ. ಹೋರಿಯು ಪಳಗುವುದಕ್ಕೆ ಬೇಕಾದುದು ಸುಮಾರು ಒಂದು ವರ್ಷ. ಒಂದರ ಕೊನೆಯ ಮೂರು ವರ್ಷಗಳೂ ಇನ್ನೊಂದರ ಮೊದಲನೆಯ ವರ್ಷವೂ ಒಂದೇ ಕೊಟ್ಟಿಗೆಯಲ್ಲಿ ಸೇರಿದರೆ, ಮುದಿಯ ಪ್ರಾಣಿಯು ದಂಡಕ್ಕೆ ತಿನ್ನುತ್ತದೆಂಬ ಮಾತು ನಿಲ್ಲುವುದಿಲ್ಲ.

ಈ ವಿಷಯವನ್ನು ಈಗ ಆಲೋಚಿಸಬೇಕಾದುದಕ್ಕೆ ಎರಡು ಕಾರಣಗಳುಂಟು. ಮೊದಲನೆಯದು, ಟ್ರಾಕ್ಟರು ಮತ್ತು ಟಿಲ್ಲರುಗಳು ಬಂದ ಮೇಲೆ ಎತ್ತುಗಳ ಸಂಖ್ಯೆಯು ಬಹಳವಾಗಿ ಇಳಿದಿರುತ್ತದೆ. ಎತ್ತುಗಳು ಮನೆಮನೆಯಲ್ಲಿದ್ದ ಕಾಲದಲ್ಲಿ ಒಂಟಿ ಎತ್ತಿಗೆ ಅದೇ ಎತ್ತರದ, ಅದೇ ನಡಿಗೆಯ ಜೋಡಿಯನ್ನು ಪಕ್ಕದ ಸಂತೆಯಲ್ಲಿಯೇ ಹುಡುಕಬಹುದಾಗಿತ್ತು. ಈಗ ಹಲವು ಸಂತೆ ಸುತ್ತಿದರೂ ಸಿಕ್ಕುವುದು ಕಷ್ಟ. ಎರಡನೆಯದು, 2021ರಲ್ಲಿ ಜಾರಿಗೆ ಬಂದ ಕರ್ನಾಟಕದ ಜಾನುವಾರು ಸಂರಕ್ಷಣೆಯ ಕಾನೂನು ಎತ್ತುಗಳ ವಧೆಯನ್ನು ವಯಸ್ಸಿನ ಭೇದವಿಲ್ಲದೆ ನಿಷೇಧಿಸಿತು. ಆ ಕಾನೂನಿನ ಗುಣದೋಷಗಳ ವಿಚಾರವು ಇಲ್ಲಿ ಅಪ್ರಸ್ತುತ. ಆದರೆ ಮುದಿ ಎತ್ತಿಗೆ ಮುಂಚೆ ಬರುತ್ತಿದ್ದ ಬೆಲೆ ಬಾರದಂತಾಯಿತೆಂಬುದೂ, ಅದನ್ನು ಸಾಕಲಾರದ ಕೆಲವರು ಕತ್ತಲಾದ ಮೇಲೆ ಹೆದ್ದಾರಿಯ ಬದಿಯಲ್ಲಿಯೋ ಪಟ್ಟಣದ ಅಂಚಿನಲ್ಲಿಯೋ ಬಿಟ್ಟುಬರುತ್ತಾರೆಂಬುದೂ ಗುಟ್ಟಲ್ಲ. ಹಾಗೆ ಬಿಟ್ಟ ಎತ್ತು ಕಸದ ರಾಶಿಯಲ್ಲಿನ ಪ್ಲಾಸ್ಟಿಕ್ ಚೀಲಗಳನ್ನು ನುಂಗಿ ಹೊಟ್ಟೆ ಕಟ್ಟಿ ಸಾಯುತ್ತದೆ, ಇಲ್ಲವೆ ವಾಹನಕ್ಕೆ ಸಿಕ್ಕಿ ತಾನೂ ಸತ್ತು ಸವಾರನನ್ನೂ ಕೊಲ್ಲುತ್ತದೆ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿಹಿಂಸೆ ತಡೆಯ ಕಾನೂನಿನ ಪ್ರಕಾರ ಅಪರಾಧವೂ ಆಗಿರುತ್ತದೆ.

ಇದಕ್ಕೆ ಪ್ರತಿಯಾಗಿ ರೈತರು ಹೇಳುವ ಮಾತು ಒಂದೇ: "ದುಡಿಯದ ಎತ್ತಿಗೆ ಮೇವು ಎಲ್ಲಿಂದ ತರೋಣ?" ಈ ಪ್ರಶ್ನೆಯನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಕಡೂರಿನ ಬಯಲು ಬರಕ್ಕೆ ಹೆಸರಾದುದು. ಮಳೆ ತಪ್ಪಿದ ವರ್ಷ ಒಂದು ಹೊರೆ ರಾಗಿಹುಲ್ಲಿಗೆ ಪಡುವ ಪಾಡನ್ನು ಅಲ್ಲಿನವರೇ ಬಲ್ಲರು. ಆದಕಾರಣ ಲೆಕ್ಕವನ್ನು ಬಿಚ್ಚಿಟ್ಟು ನೋಡುವುದು ಮೇಲು. ಸುಮಾರು 300 ಕಿಲೋ ತೂಗುವ, ಕೆಲಸವಿಲ್ಲದ ಎತ್ತಿಗೆ ದಿನಕ್ಕೆ 6ರಿಂದ 7 ಕಿಲೋ ಒಣಮೇವು ಸಾಕು. ವರ್ಷಕ್ಕೆ ಸುಮಾರು 2,500 ಕಿಲೋ ಆಗುತ್ತದೆ. ಮಳೆಯಾಶ್ರಯದ ರಾಗಿಯ ಹೊಲವು ಎಕರೆಗೆ ಒಂದೂಕಾಲು ಟನ್ ಹುಲ್ಲು ಕೊಟ್ಟರೆ ಎರಡು ಎಕರೆಯ ಹುಲ್ಲು ಆ ಎತ್ತಿಗೆ ಹೋಯಿತೆಂದು ಭಾವಿಸಬೇಕು. ಇದು ಚಿಕ್ಕ ಖರ್ಚಲ್ಲ. ಜಮೆಯ ಕಡೆಯಲ್ಲಿ, ದಿನಕ್ಕೆ 10 ಕಿಲೋ ಸಗಣಿಯಂತೆ ವರ್ಷಕ್ಕೆ ಮೂರೂವರೆ ಟನ್ನಿಗೆ ಮಿಕ್ಕಿದ ಹಸಿ ಸಗಣಿಯೂ, ಅದಕ್ಕೆ ಸೇರಿ ಗಂಜಲವೂ ಬರುತ್ತದೆ. ಗಂಜಲವನ್ನು ಮಣ್ಣಿನಲ್ಲಿ ಇಂಗಿಸಿ, ಸಗಣಿಯನ್ನು ಹೊಲದ ಕಸಕಡ್ಡಿ, ಅಡಿಕೆಯ ಸೋಗೆಗಳೊಡನೆ ನೆರಳಿನ ಗುಂಡಿಯಲ್ಲಿ ಕೊಳೆಸಿದರೆ ತರೀಕೆರೆಯ ತೋಟದವರಿಗೂ ಅಜ್ಜಂಪುರದ ಈರುಳ್ಳಿ ಬೆಳೆಗಾರರಿಗೂ ಅದು ಬೇಡವಾದ ಪದಾರ್ಥವಲ್ಲ. ಇದರ ಮೇಲೆ, ಹೋರಿಯು ಗಾಯವಿಲ್ಲದೆ ಪಳಗಿದುದರ ಬೆಲೆಯನ್ನೂ, ಒಂಟಿ ಎತ್ತನ್ನು ನಷ್ಟಕ್ಕೆ ಮಾರದೆ ಉಳಿಸಿಕೊಂಡುದರ ಬೆಲೆಯನ್ನೂ ಸೇರಿಸಬೇಕು.

ಹೀಗೆ ಲೆಕ್ಕ ಹಾಕಿದ ಮೇಲೂ ಎಲ್ಲ ರೈತರಿಗೂ ಈ ಸಲಹೆಯು ತಕ್ಕದ್ದಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಸ್ವಂತ ಹುಲ್ಲಿನ ಬಣವೆಯಿಲ್ಲದವರು, ಇರುವ ದನಗಳಿಗೇ ಬೇಸಿಗೆಯಲ್ಲಿ ಮೇವು ಕೊಳ್ಳುವವರು, ಮನೆಯಲ್ಲಿ ದನ ನೋಡಿಕೊಳ್ಳುವ ಕೈಯಿಲ್ಲದವರು ಮುದಿ ಎತ್ತನ್ನು ತರಕೂಡದು. ಕನಿಕರದಿಂದ ತಂದು ಹಸಿವಿನಲ್ಲಿ ಕಟ್ಟುವುದು ಹಿಂದಿನ ಯಜಮಾನನ ತಪ್ಪನ್ನು ಮುಂದುವರಿಸಿದಂತೆಯೇ ಹೊರತು ಬೇರಲ್ಲ. ಆದರೆ ಎರಡು ವರ್ಷದ ಹುಲ್ಲನ್ನು ಒಟ್ಟಿಟ್ಟುಕೊಂಡಿರುವ, ನಾಲ್ಕಾರು ದನಗಳ ನಡುವೆ ಇನ್ನೊಂದು ದನವನ್ನು ಗಮನಿಸದೆಯೇ ಸಾಕಬಲ್ಲ ಜಮೀನುದಾರರು ಈ ಸೀಮೆಯಲ್ಲಿ ಕಡಮೆಯಿಲ್ಲ. ಈ ಮಾತು ಮುಖ್ಯವಾಗಿ ಅವರನ್ನು ಕುರಿತದ್ದು.

ತರಬೇಕೆಂದು ನಿಶ್ಚಯಿಸಿದವರು ಕಣ್ಣುಮುಚ್ಚಿ ತರತಕ್ಕದ್ದಲ್ಲ. ಮೊದಲು ಬಾಯಿಯನ್ನು ನೋಡಬೇಕು. ಬಾಯಿಗೂಡಿದ ಮೇಲೆ ಎತ್ತಿನ ವಯಸ್ಸನ್ನು ಹಲ್ಲಿನ ಸವೆತದಿಂದಲೇ ಅಂದಾಜು ಮಾಡಬೇಕಾಗುತ್ತದೆ. ಹಲ್ಲುಗಳು ಗಿಡ್ಡವಾಗಿ, ನಡುವೆ ಸಂದುಬಿಟ್ಟಿದ್ದರೆ ಮುಪ್ಪು ಬಹಳ ಮುಂದುವರಿದಿರುತ್ತದೆ. ಅಂಥ ಎತ್ತಿಗೆ ಕತ್ತರಿಸದ ಹುಲ್ಲು ಪ್ರಯೋಜನವಿಲ್ಲ. ಎರಡನೆಯದಾಗಿ ಕೊಂಬಿನ ಬುಡವನ್ನು ನೋಡಬೇಕು. ಒಂದು ಕೊಂಬು ಜೋತುಬಿದ್ದು, ತಲೆಯನ್ನು ಒಂದು ಕಡೆಗೆ ವಾಲಿಸಿಕೊಂಡು, ಅದೇ ಕಡೆಯ ಮೂಗಿನಿಂದ ರಕ್ತ ಸೋರುತ್ತಿದ್ದರೆ ಅದು ಮುದಿ ಎತ್ತುಗಳಲ್ಲಿ ಕಾಣುವ ಕೊಂಬಿನ ಕ್ಯಾನ್ಸರ್ ಇರಬಹುದಾದುದರಿಂದ ಪಶುವೈದ್ಯರಿಗೆ ತೋರಿಸದೆ ಮುಂದುವರಿಯಬಾರದು. ಮೂರನೆಯದಾಗಿ ಹೆಗಲಿನ ಹಳೆಯ ನೊಗದ ಹುಣ್ಣನ್ನೂ, ಬೆಳೆದು ಮೇಲಕ್ಕೆ ತಿರುಗಿದ ಗೊರಸುಗಳನ್ನೂ ಪರೀಕ್ಷಿಸಬೇಕು. ಇವೆರಡೂ ವಾಸಿಯಾಗತಕ್ಕವು. ಕೇವಲ ಗೊರಸು ಕತ್ತರಿಸಿದ ಮಾತ್ರದಿಂದಲೇ ಕುಂಟುತ್ತಿದ್ದ ಎಷ್ಟೋ ದನಗಳು ನೆಟ್ಟಗೆ ನಡೆಯುವುದುಂಟು. ಎಲ್ಲಕ್ಕಿಂತ ಹೆಚ್ಚಾಗಿ ಸ್ವಭಾವವನ್ನು ನೋಡಬೇಕು. ಹಾಯುವ, ಒದೆಯುವ ಮುದಿ ಎತ್ತು ಹೋರಿಗೆ ಗುರುವಾಗಲಾರದು.

ತಂದ ದಿನವೇ ಮನೆಯ ದನಗಳ ಸಂಗಡ ಕಟ್ಟುವುದು ದೊಡ್ಡ ತಪ್ಪು. ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಮೊದಲಾದವು ಹೊಸದಾಗಿ ಬಂದ ದನದ ಮೂಲಕವೇ ಕೊಟ್ಟಿಗೆಗೆ ನುಗ್ಗುತ್ತವೆ. 2022ರಲ್ಲಿ ಚರ್ಮಗಂಟು ರೋಗವು ರಾಜ್ಯದಲ್ಲಿ ಹರಡಿ ಮಾಡಿದ ಹಾನಿಯನ್ನು ರೈತರು ಮರೆತಿರಲಾರರು. ಕನಿಷ್ಠಪಕ್ಷ ಮೂರು ವಾರ ಬೇರೆ ಕಡೆ, ಬೇರೆ ತೊಟ್ಟಿಯ ನೀರಿನೊಡನೆ ಇಟ್ಟು, ಉಣ್ಣೆಗಳನ್ನು ತೆಗೆಯಿಸಿ, ಜಂತಿಗೆ ಔಷಧ ಕುಡಿಸಿ, ಚುಚ್ಚುಮದ್ದುಗಳನ್ನು ಹಾಕಿಸಬೇಕು. ಮನೆಯ ದನಗಳಿಗೆ ಮೊದಲು ಮೇವು ಹಾಕಿ ಕೊನೆಯಲ್ಲಿ ಹೊಸದಕ್ಕೆ ಹಾಕುವುದು ಕ್ರಮ. ಹೊಸದನ್ನು ಮುಟ್ಟಿದ ಕೈಯಿಂದ ಹಳೆಯವನ್ನು ಮುಟ್ಟಬಾರದು.

ಮೇವಿನ ವಿಷಯದಲ್ಲಿ ಕನಿಕರವೇ ಕೊಲ್ಲುವುದುಂಟು. ಹಸಿದು ಸೊರಗಿದ ಎತ್ತನ್ನು ಕಂಡು ಮರುಗಿ, ಮೊದಲನೆಯ ದಿನವೇ ಕುಕ್ಕೆ ತುಂಬ ರಾಗಿಯನ್ನೋ ಅಕ್ಕಿಯನ್ನೋ ಅನ್ನವನ್ನೋ ಇಟ್ಟರೆ ಅದು ಹೊಟ್ಟೆಯಲ್ಲಿ ಹುಳಿತು, ಆಮ್ಲವೇರಿ, ಒಂದೆರಡು ದಿನಗಳಲ್ಲಿ ಎತ್ತು ನೆಲಕ್ಕೆ ಬೀಳುತ್ತದೆ. ಮೊದಲನೆಯ ವಾರ ಸಣ್ಣಗೆ ಕತ್ತರಿಸಿ, ಉಪ್ಪುನೀರು ಚಿಮುಕಿಸಿ ಮೆದುವು ಮಾಡಿದ ಹುಲ್ಲನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ನಾಲ್ಕೈದು ಸಲ ಹಾಕಿ, ಬೇಕಾದಷ್ಟು ನೀರು ಕೊಡಬೇಕು. ಎರಡನೆಯ ವಾರದಿಂದ ಒಂದು ಹಿಡಿ ಬೂಸಾ, ಒಂದು ಹಿಡಿ ಹಿಂಡಿ ಎಂಬಂತೆ ಸೇರಿಸುತ್ತ, ಒಂದು ತಿಂಗಳಲ್ಲಿ ಪೂರ್ತಿ ಪ್ರಮಾಣಕ್ಕೆ ತರಬೇಕು. ಹಿತ್ತಲಿನಲ್ಲಿ ಬೆಳೆದ ಅಗಸೆ, ಗ್ಲಿರಿಸಿಡಿಯಾ ಸೊಪ್ಪು ಮತ್ತು ಹಸಿಜೋಳದ ಕಡ್ಡಿಯನ್ನು ಒಣಹುಲ್ಲಿನೊಡನೆ ಬೆರೆಸಿ ಕೊಟ್ಟರೆ ಮೈ ಬೇಗ ತುಂಬುತ್ತದೆ. ಆದರೆ ಎಳೆಯ ಜೋಳದ ಪೈರನ್ನು, ಮುಖ್ಯವಾಗಿ ಮಳೆಯಿಲ್ಲದೆ ಬಾಡಿದುದನ್ನು, ಹಾಕಕೂಡದು. ಅದರಲ್ಲಿ ವಿಷವಿರುತ್ತದೆ.

ಮೂರು ವಾರಗಳು ಕಳೆದ ಮೇಲೆ ಎರಡು ಪ್ರಾಣಿಗಳನ್ನು ಮೊದಲು ಬೇಲಿಯ ಆಚೆ ಈಚೆ ನಿಲ್ಲಿಸಿ ಪರಸ್ಪರ ಮೂಸಿ ನೋಡಲು ಅವಕಾಶ ಕೊಡಬೇಕು. ಎರಡು ಮೂರು ದಿನಗಳ ತರುವಾಯ ಒಂದೇ ಸಾಲಿನಲ್ಲಿ, ಒಂದರ ಕೊಂಬು ಇನ್ನೊಂದಕ್ಕೆ ತಗುಲದಷ್ಟು ಅಂತರದಲ್ಲಿ ಕಟ್ಟಬೇಕು. ಅಮೃತಮಹಲ್ ಕೊಂಬುಗಳು ನೀಳವಾಗಿ ಮೊನೆಯುಳ್ಳವು. ಬಲಹೀನವಾದ ಎತ್ತು ತಪ್ಪಿಸಿಕೊಳ್ಳಲಾರದು. ಗೋದಲಿಗಳು ಬೇರೆ ಬೇರೆಯಾಗಿರತಕ್ಕದ್ದು. ಇಲ್ಲದಿದ್ದರೆ ಹಲ್ಲಿಲ್ಲದ್ದು ನಾಲ್ಕು ಬಾಯಿ ತಿನ್ನುವಷ್ಟರಲ್ಲಿ ಹಲ್ಲುಳ್ಳದ್ದು ಎಲ್ಲವನ್ನೂ ಮುಗಿಸಿರುತ್ತದೆ. ಎರಡೂ ಒಂದೇ ಹೊತ್ತಿನಲ್ಲಿ ಮಲಗಿ ಮೆಲುಕು ಹಾಕತೊಡಗಿದ ದಿನ ಜೊತೆಯು ಕೂಡಿಬಂತೆಂದು ತಿಳಿಯಬಹುದು.

ಈ ಸಂದರ್ಭದಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಮುದಿ ಎತ್ತು ಮೈ ತುಂಬಿಕೊಂಡು ಕೂದಲು ಹೊಳೆಯತೊಡಗಿದ ಮೇಲೆ ಅದನ್ನು ಪುನಃ ನೊಗಕ್ಕೆ ಹೂಡುವ ಆಶೆ ಹುಟ್ಟುವುದು ಸಹಜ. ಬಲವಾದುದರ ಸಂಗಡ ಬಲಹೀನವಾದುದನ್ನು ಹೂಡಿದರೆ ನೊಗವು ಓರೆಯಾಗಿ, ಭಾರವೆಲ್ಲ ಒಂದರ ಹೆಗಲಿಗೆ ಬಿದ್ದು, ಎರಡೂ ಕೆಡುತ್ತವೆ. ವಯಸ್ಸಿನಿಂದ ಅಶಕ್ತವಾದ ಪ್ರಾಣಿಯನ್ನು ದುಡಿಸುವುದನ್ನು ಮೇಲ್ಕಂಡ 1960ರ ಕಾನೂನೂ ಒಪ್ಪುವುದಿಲ್ಲ. ಹೋರಿಗೆ ನಡಿಗೆ ಕಲಿಸುವಾಗ ಪಕ್ಕದಲ್ಲಿ ಬರಿಹೆಗಲಿನಲ್ಲಿ ನಡೆಸಬಹುದು. ಅದಕ್ಕೆ ಮಿಕ್ಕಿದುದನ್ನು ಅಪೇಕ್ಷಿಸಬಾರದು.

ಮೆರವಣಿಗೆಗಾಗಿಯೋ ಹವ್ಯಾಸಕ್ಕಾಗಿಯೋ ಒಂದು ಕುದುರೆಯನ್ನು ಸಾಕಿರುವ ಜಮೀನುದಾರರಿಗೂ ಈ ಮಾತುಗಳು ಬಹುಮಟ್ಟಿಗೆ ಅನ್ವಯಿಸುತ್ತವೆ. ಟಾಂಗಾದಿಂದ ಬಿಟ್ಟ, ಮದುವೆಯ ಮೆರವಣಿಗೆಗಳಲ್ಲಿ ದಣಿದ ಮುದಿ ಕುದುರೆಗಳು ಪಟ್ಟಣಗಳಲ್ಲಿ ಸಿಕ್ಕುತ್ತವೆ. ಅವುಗಳಲ್ಲೊಂದು ಒಂಟಿ ಕುದುರೆಯ ಲಾಯವನ್ನು ತುಂಬಬಲ್ಲುದು. ಮುದಿ ಕುದುರೆಯು ಹುಲ್ಲನ್ನು ಅಗಿದು ಉಂಡೆಮಾಡಿ ಉಗುಳುತ್ತಿದ್ದರೆ ದವಡೆಯ ಹಲ್ಲು ಕೆಟ್ಟಿದೆಯೆಂದು ತಿಳಿದು ನೆನೆಸಿದ ಬೂಸಾ ಮತ್ತು ಕತ್ತರಿಸಿದ ಹಸಿಹುಲ್ಲಿಗೆ ಬದಲಾಯಿಸಬೇಕು. ಗೊರಸನ್ನು ಆರೆಂಟು ವಾರಗಳಿಗೊಮ್ಮೆ ತಿದ್ದಿಸಬೇಕು. ಗ್ಲಾಂಡರ್ಸ್ ರೋಗವು ಕುದುರೆಯಿಂದ ಮನುಷ್ಯರಿಗೂ ಅಂಟತಕ್ಕ ಮಾರಕರೋಗವಾದುದರಿಂದ ರಕ್ತಪರೀಕ್ಷೆಯಾಗದ ಕುದುರೆಯನ್ನು ಗ್ರಾಮದೊಳಕ್ಕೆ ತರಲೇಬಾರದು.

ಕೊನೆಯದಾಗಿ ಗ್ರಾಮದ ಮುಖಂಡರ ಕರ್ತವ್ಯ. ತಮ್ಮ ಗ್ರಾಮದಲ್ಲಿ ಯಾರ ಮನೆಯಲ್ಲಿ ಎತ್ತು ಒಂಟಿಯಾಗಿದೆ, ಯಾರ ಹಿತ್ತಲಿನಲ್ಲಿ ಮುದಿ ಎತ್ತು ಸೊರಗುತ್ತಿದೆ ಎಂಬುದು ಅವರಿಗೆ ತಿಳಿಯದ ವಿಷಯವಲ್ಲ. ಇಬ್ಬರನ್ನೂ ಜಗಲಿಯ ಮೇಲೆ ಕೂರಿಸಿ ಮಾತನಾಡಿಸುವುದಕ್ಕೆ ಯಾವ ಹಣವೂ ಬೇಕಾಗಿಲ್ಲ. ಕೊಡುವವನಿಗೆ ನಾಚಿಕೆಯಾಗದಂತೆ, ಕೊಳ್ಳುವವನಿಗೆ ಭಾರವಾಗದಂತೆ ಮಾತನ್ನು ಹೊಂದಿಸುವುದು ಹಿರಿಯರಿಗೇ ಸಾಧ್ಯ. ಕೊಡುವವನು ಮೊದಲನೆಯ ವರ್ಷದ ಹುಲ್ಲಿನಲ್ಲಿ ಒಂದು ಪಾಲನ್ನು ಕೊಡುವಂತೆ ಒಪ್ಪಂದ ಮಾಡಿಸುವುದು ನ್ಯಾಯವಾಗಿರುತ್ತದೆ. ದುಡಿಸಿಕೊಂಡವನ ಋಣವು ಹಗ್ಗ ಬಿಚ್ಚಿಕೊಟ್ಟ ಮಾತ್ರಕ್ಕೆ ತೀರುವುದಿಲ್ಲ. ಗೋಮಾಳವು ಒತ್ತುವರಿಯಾಗಿದ್ದರೆ ಅದನ್ನು ಬಿಡಿಸುವುದೂ, ಕೆರೆಯ ಅಂಚಿನಲ್ಲಿ ಮೇವಿನ ಮರಗಳನ್ನು ಹಾಕಿಸುವುದೂ ಇದೇ ಕರ್ತವ್ಯದ ಮುಂದಿನ ಭಾಗ.

ತಂದವರು ಕೊನೆಯ ದಿನವನ್ನೂ ಮೊದಲೇ ಯೋಚಿಸಿಟ್ಟುಕೊಳ್ಳಬೇಕು. ಎತ್ತು ಏಳಲಾರದೆ ಬಿದ್ದಾಗ ಮಗ್ಗುಲು ಬದಲಾಯಿಸುತ್ತ, ಮೆತ್ತನೆಯ ಹುಲ್ಲುಹಾಸಿನಲ್ಲಿ ಇರಿಸಿ, ಪಶುವೈದ್ಯರನ್ನು ಕರೆಸಬೇಕು. ಸತ್ತ ಮೇಲೆ ಬಾವಿ ಕೆರೆಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಬೇಕು. ಅಷ್ಟು ಹೊತ್ತಿಗೆ ಸಂಗಡದ ಹೋರಿಯು ಪ್ರಾಯಕ್ಕೆ ಬಂದು, ನೊಗವನ್ನು ಬಲ್ಲ ಎತ್ತಾಗಿರುತ್ತದೆ. ಮುಂದೊಂದು ದಿನ ಇನ್ನೊಂದು ಹೋರಿಗೆ ಕೊಟ್ಟಿಗೆಯ ದಾರಿ ತೋರಿಸಬೇಕಾದುದು ಅದೇ. ಸರ್ಕಾರವು 1860ರಲ್ಲಿ ಖರ್ಚಿನ ಲೆಕ್ಕವೊಂದನ್ನೇ ನೋಡಿ ಮಂದೆಯನ್ನು ಕಳೆದುಕೊಂಡು ಆರು ವರ್ಷಗಳಲ್ಲಿ ಪಶ್ಚಾತ್ತಾಪಪಟ್ಟಿತು. ಕೊಟ್ಟಿಗೆಯ ಲೆಕ್ಕ ಬರೆಯುವ ಜಮೀನುದಾರರು ಜಮೆಯ ಕಡೆಯ ಪುಟವನ್ನೂ ಒಮ್ಮೆ ತೆರೆದು ನೋಡಿದರೆ ಈ ಸೀಮೆಯಲ್ಲಿ ಆ ತಪ್ಪು ಮರುಕಳಿಸಲಾರದು.